ಹಾಲು ಕುದಿಸಿದರೆ ಮದ್ದು ಹೋಗೋದಿಲ್ವಾ?

ನಾನು ಉಡುಪಿ ಹತ್ತಿರದ ಒಂದು ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ. ದನಕ್ಕೆ ಆಂಟಿಬಯೋಟಿಕ್ ಕೊಟ್ಟಿದ್ದರೆ ಕೆಲವು ದಿನ ಹಾಲು ತರಬೇಡಿ ಅಂದಾಗಲೆಲ್ಲ ಎದುರಿನಿಂದ ಬರುವ ಮಾತು ಒಂದೇ. "ಕುದಿಸಿಯೇ ಕುಡಿಯುವುದಲ್ವಾ ಮಾರಾಯ್ರೇ, ಮದ್ದು ಎಲ್ಲಿ ಉಳೀತದೆ?"

ಉಳಿಯುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ. ಮದ್ದಿನ ಅಂಶ ಸ್ವಲ್ಪ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಹಾಗಾಗಿ ಒಂದು ಸಲ ಮೀಟಿಂಗಿನ ಹಿಂದಿನ ರಾತ್ರಿ ಎರಡು ಸ್ಟೀಲ್ ಲೋಟ ಇಟ್ಟೆ. ಒಂದರಲ್ಲಿ ಮಾಮೂಲಿ ಹಾಲು, ಇನ್ನೊಂದರಲ್ಲಿ ಕೆಚ್ಚಲು ಬಾವು ಬಂದು ಮೊಲೆಯೊಳಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿದ್ದ ದನದ ಅದೇ ದಿನದ ಹಾಲು. ಎರಡನ್ನೂ ಚೆನ್ನಾಗಿ ಕುದಿಸಿ, ಉಗುರು ಬೆಚ್ಚಗಾದ ಮೇಲೆ ಒಂದೇ ಮೊಸರಿನಿಂದ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದು ಲೋಟದಲ್ಲಿ ಗಟ್ಟಿ ಮೊಸರು, ಇನ್ನೊಂದರಲ್ಲಿ ಹಾಲು ಹಾಲಾಗಿಯೇ ಇತ್ತು. ಮೊಸರಾಗಬೇಕಾದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯಬೇಕಲ್ವಾ, ಕುದಿಸಿದ ಮೇಲೂ ಉಳಿದ ಮದ್ದು ಅದನ್ನು ಬೆಳೆಯಲು ಬಿಡಲಿಲ್ಲ. ಲೋಟ ಕೈಯಿಂದ ಕೈಗೆ ಹೋಯಿತು, ಕೆಲವರು ಮೂಸಿಯೂ ನೋಡಿದರು.

ಆ ಮದ್ದು ನಮ್ಮ ಹೊಟ್ಟೆಗೆ ಚೂರು ಚೂರೇ ಹೋದರೆ ಒಳಗಿನ ಬ್ಯಾಕ್ಟೀರಿಯಾದಲ್ಲಿ ಗಟ್ಟಿಯಾದವು ಮಾತ್ರ ಉಳಿದು ಬೆಳೆಯುತ್ತವೆ. ನಾಳೆ ಮಗುವಿಗೆ ಹುಷಾರು ತಪ್ಪಿದಾಗ ಅದೇ ಮದ್ದು ನಾಟದೆ ಹೋಗಬಹುದು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಕಡಿಮೆ ಡೋಸಿನ ಈ ಅಪಾಯ ಹೇಳಿದ್ದರು. ಕೋಳಿ ಬೇಗ ಬೆಳೆಯಲಿ ಅಂತ ಫೀಡಿಗೆ ಬೆರೆಸುತ್ತಿದ್ದ ಕೊಲಿಸ್ಟಿನ್, ಆಸ್ಪತ್ರೆಯಲ್ಲಿ ಬೇರೆ ಯಾವ ಮದ್ದೂ ನಾಟದಾಗ ಕೊಡುವಂಥದ್ದು. 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಿತು.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದೇ ಮೊಲೆಗೆ ಟ್ಯೂಬ್ ಹಾಕಿದರೂ ನಾಲ್ಕೂ ಮೊಲೆಯ ಹಾಲು ಬೇಡ. ರಕ್ತದ ಮೂಲಕ ಮದ್ದು ಉಳಿದವಕ್ಕೂ ಹೋಗಬಹುದು. ಸುಮ್ನೆ ಚೆಲ್ಲುವುದು ಯಾಕೆ ಅಂತ ಕರುವಿಗೂ ಕುಡಿಸಬೇಡಿ, ಅದರ ಹೊಟ್ಟೆಯಲ್ಲೂ ನಡೆಯುವುದು ಇದೇ ಕತೆ. ಎಷ್ಟು ದಿನ ಹಾಲು ತರಬಾರದು ಅಂತ ಮದ್ದಿನ ಪೆಟ್ಟಿಗೆಯಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ದನದ ಡಾಕ್ಟ್ರನ್ನು ಕೇಳಿ. ಮದ್ದು ಕೊಟ್ಟ ತಾರೀಕನ್ನು ಹಟ್ಟಿಯ ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆದಿಡಿ. ಬೇರೆ ಹಾಲಿಗೆ ಮದ್ದು ಸೇರದ ಹಾಗೆ ಆ ದನದ ಹಾಲನ್ನು ಕೊನೆಗೆ ಕರೆಯಿರಿ. ಮೆಡಿಕಲ್ ಶಾಪಿನವರಿಗೂ ನನ್ನದೊಂದು ಕೋರಿಕೆ, ಡಾಕ್ಟ್ರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಬೇಡಿ.

ಮೀಟಿಂಗ್ ಮುಗಿದು ಏಳುವಾಗ ಹಿಂದಿನ ಸಾಲಿನಲ್ಲಿದ್ದ ಅಮ್ಮ ಒಬ್ಬರು ಕೇಳಿದರು. "ಸರಿ, ಆ ದಿನಗಳ ಹಾಲಿನ ದುಡ್ಡು ಯಾರು ಕೊಡ್ತಾರೆ?" ಅವರಿಗೆ ಇರುವುದು ಒಂದೇ ದನ. ಈ ನಷ್ಟವನ್ನು ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಡಾಕ್ಟ್ರ ಚೀಟಿ ತಂದವರಿಗೆ ಸೊಸೈಟಿಯ ಲಾಭದಲ್ಲಿ ಸ್ವಲ್ಪವಾದರೂ ಕೊಡಬೇಕು ಅಂತ ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಇನ್ನೂ ತೀರ್ಮಾನ ಆಗಿಲ್ಲ, ಮುಂದಿನ ಮಹಾಸಭೆಯಲ್ಲಿ ಮತ್ತೆ ಕೇಳುತ್ತೇನೆ.