ಎಂ8 ಟ್ಯಾಪು ಮತ್ತು 625ರ ಫೀಡು

ಭೋಸರಿ, ಪುಣೆ
18 ಜುಲೈ 2024, ಗುರುವಾರ

ನಿನ್ನೆ ಆಷಾಢ ಏಕಾದಶಿ. ನಮ್ಮ ವಿಎಂಸಿಯ (ಪ್ರೋಗ್ರಾಮಿನಂತೆ ಲೋಹ ಕೊರೆಯುವ ಮಷಿನ್) ಹಳೆಯ ಆಪರೇಟರ್ ಪಂಢರಪುರದ ವಾರಿಗೆ ಹೋದವರು ಇನ್ನೂ ಮರಳಿಲ್ಲವಾದ್ದರಿಂದ, ಇಂದು ಮೊದಲ ಪಾಳಿಯಲ್ಲಿ ಇಂಡಿ ಕಡೆಯ ಹೊಸ ಹುಡುಗನೊಬ್ಬನೇ ಮಷಿನ್ ನೋಡಿಕೊಳ್ಳುತ್ತಿದ್ದ. ಹತ್ತು ಗಂಟೆಯ ಸುಮಾರಿಗೆ, ಹೊಸ ಲಾಟಿನ ಮೊದಲ ಪ್ಲೇಟಿನ ಮೊದಲ ತೂತಿನಲ್ಲೇ, 8 ಮಿ.ಮೀ. ಬೋಲ್ಟಿಗೆ ಥ್ರೆಡ್ಡು ಕೊರೆಯುವ ಎಂ8 ಟ್ಯಾಪ್ ಮುರಿಯಿತು.

ಇಎನ್8 ಎಂಬ ಉಕ್ಕಿನ ಪ್ಲೇಟು, 6.8 ಮಿ.ಮೀ. ಡ್ರಿಲ್ಲಿನಿಂದ 28 ಮಿ.ಮೀ. ಆಳದ ತೂತು, ಅದರಲ್ಲಿ 20 ಮಿ.ಮೀ. ಥ್ರೆಡ್ಡು. ತಳ ಮುಚ್ಚಿದ ತೂತಾದ್ದರಿಂದ ಕೊರೆದ ಚೂರುಗಳನ್ನು, ಅಂದರೆ ಚಿಪ್ಸನ್ನು, ಮೇಲಕ್ಕೆ ಎಳೆಯುವ ಸ್ಪೈರಲ್ ಫ್ಲೂಟ್ ಟ್ಯಾಪನ್ನೇ ಹಾಕಿದ್ದೆವು. ಚಿಪ್ಸ್ ಸಿಕ್ಕಿಕೊಂಡಿರಬೇಕೆಂದು ಮೊದಲು ಅದನ್ನೇ ನೋಡಿದೆ. ಅಂಥದ್ದೇನೂ ಇರಲಿಲ್ಲ, ಕೂಲೆಂಟೂ ಸರಿಯಾಗಿ ಬೀಳುತ್ತಿತ್ತು. ಪ್ರೋಗ್ರಾಮಿನಲ್ಲಿ ನಾನು ಬರೆದದ್ದು ಎಸ್500, ಎಫ್625, ಅಂದರೆ ಟೂಲನ್ನು ತಿರುಗಿಸುವ ಸ್ಪಿಂಡಲ್ಲಿಗೆ ನಿಮಿಷಕ್ಕೆ 500 ಸುತ್ತಿನ ಸ್ಪೀಡು, ಟ್ಯಾಪ್ ಇಳಿಯಲು ನಿಮಿಷಕ್ಕೆ 625 ಮಿ.ಮೀ. ಫೀಡು. ಸ್ಕ್ರೀನಿನ ಮೇಲೆ ಎಸ್400 ಇತ್ತು.

“ಹೊಸ ಮಾಲು ಭಾಳ ಬಿರುಸು ಅದ ಅನ್ನಿಸ್ತರೀ ಅಣ್ಣಾರ, ಅದಕ್ಕ ಸ್ಪೀಡ್ ಅಷ್ಟ ಇಳಿಸೀನಿ. ಫೀಡಿಗೆ ಕೈ ಹಚ್ಚಿಲ್ಲರೀ,” ಎಂದ.

ಸ್ಪೀಡ್ ಇಳಿಸಿದ್ದು ತಪ್ಪಲ್ಲ. ಎಂ8ಕ್ಕೆ 500 ಆರ್‌ಪಿಎಂ ಎಂದರೆ ನಿಮಿಷಕ್ಕೆ ಸುಮಾರು 12.5 ಮೀಟರ್ ಕಟಿಂಗ್ ಸ್ಪೀಡ್, 400ಕ್ಕೆ ಸುಮಾರು 10. ಬಿರುಸಾದ ಮಾಲಿಗೆ ನಾನೂ ಅಷ್ಟನ್ನೇ ಇಡುತ್ತಿದ್ದೆ. ಆದರೆ ಎಂಡ್‌ಮಿಲ್ಲಿನಲ್ಲಿ ಸ್ಪೀಡನ್ನೂ ಫೀಡನ್ನೂ ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಿದಂತೆ ಟ್ಯಾಪಿನಲ್ಲಿ ಮಾಡಲಾಗದು, ಏಕೆಂದರೆ ಸ್ಪಿಂಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಟ್ಯಾಪ್ ಸರಿಯಾಗಿ ಒಂದು ಪಿಚ್ಚು, ಅಂದರೆ ಥ್ರೆಡ್ಡಿನ ಒಂದು ಹಲ್ಲಿನಿಂದ ಮುಂದಿನ ಹಲ್ಲಿನವರೆಗಿನಷ್ಟು ದೂರ, ಇಳಿಯಲೇಬೇಕು. ಎಂ8ರ ಪಿಚ್ಚು 1.25 ಮಿ.ಮೀ. ಆದ್ದರಿಂದ 500 ಆರ್‌ಪಿಎಂಗೆ ಫೀಡ್ 625, 400ಕ್ಕೆ 500. ಅವನು 625 ಹಾಗೆಯೇ ಬಿಟ್ಟಿದ್ದರಿಂದ ಟ್ಯಾಪ್ ಸುತ್ತಿಗೆ 0.3125 ಮಿ.ಮೀ. ಹೆಚ್ಚು ಇಳಿಯುತ್ತಿತ್ತು, ನಾಲ್ಕೇ ಸುತ್ತಿಗೆ ಪೂರ್ತಿ ಒಂದು ಪಿಚ್ಚಿನ ವ್ಯತ್ಯಾಸ. ಟ್ಯಾಪನ್ನು ತುಸು ಮೇಲೆ ಕೆಳಗೆ ಆಡಲು ಬಿಡುವ ಫ್ಲೋಟಿಂಗ್ ಹೋಲ್ಡರ್ ಆಗಿದ್ದರೆ ಅಲ್ಪಸ್ವಲ್ಪ ತಾಳಿಕೊಳ್ಳುತ್ತಿತ್ತು, ನಮ್ಮದು ಟ್ಯಾಪನ್ನು ಬಿಗಿಯಾಗಿ ಹಿಡಿಯುವ ರಿಜಿಡ್ ಟ್ಯಾಪಿಂಗ್.

ಲೆಕ್ಕ ಹೇಳಿದಾಗ ತಲೆಯಾಡಿಸಿದ, ಆದರೆ ಮುಖದಲ್ಲಿ ಅನುಮಾನವಿತ್ತು. ಆಗ ಒಂದು ಎಂ8 ಬೋಲ್ಟಿಗೆ ಪಿಚ್ಚು ಅಳೆಯಲು ಹಲ್ಲುಳ್ಳ ಎಲೆಗಳಿರುವ ಪಿಚ್ ಗೇಜಿನ 1.25 ಎಲೆಯನ್ನು ಹಚ್ಚಿ ಬೆಳಕಿಗೆ ಹಿಡಿಸಿದೆ. ಎಲ್ಲ ಹಲ್ಲುಗಳೂ ಕೂತವು, ಬೆಳಕು ಹಾಯಲಿಲ್ಲ. ಬಳಿಕ 1.5 ಎಲೆ ಹಚ್ಚಿಸಿದೆ. ಮೊದಲ ಹಲ್ಲು ಕೂರುವಂತೆ ಹಿಡಿದರೆ ಮೂರನೆಯದು ಥ್ರೆಡ್ಡಿನ ತುದಿಯ ಮೇಲೇರಿ ನಿಲ್ಲುತ್ತಿತ್ತು. ಅವನ ಫೀಡು ಸುತ್ತಿಗೆ 1.5625, ಇದಕ್ಕಿಂತಲೂ ದೊಡ್ಡದು ಎಂದಾಗ ಮುರಿದ ಟ್ಯಾಪನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ.

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಸೆಟಪ್ ಶೀಟಿನಲ್ಲಿ 625 ಎಂದಷ್ಟೇ ಬರೆದು, ಅದು ಎಲ್ಲಿಂದ ಬಂತೆಂಬುದನ್ನು ನಾನು ಬರೆದಿರಲಿಲ್ಲ. ನಮ್ಮ ಫಾನುಕ್ ಕಂಟ್ರೋಲಿನಲ್ಲಿ ಟ್ಯಾಪಿಂಗಿನ ಆಜ್ಞೆಯಾದ ಜಿ84 ನಡೆಯುವಾಗ, ಫೀಡನ್ನು ಕೈಯಿಂದ ಹೆಚ್ಚು ಕಡಿಮೆ ಮಾಡುವ ಫೀಡ್ ಓವರ್‌ರೈಡ್ ನಾಬ್ ಕೆಲಸ ಮಾಡುವುದಿಲ್ಲವಾದ್ದರಿಂದ, ಶೀಟಿನಲ್ಲಿ ತಪ್ಪಿದ್ದನ್ನು ಕೈಯಿಂದ ತಿದ್ದಲು ಅವನಿಗೆ ದಾರಿಯೂ ಇರಲಿಲ್ಲ.

ಮಧ್ಯಾಹ್ನ ಟ್ಯಾಪಿನ ಸಾಲುಗಳನ್ನು ಫೀಡನ್ನು ಸುತ್ತಿನ ಲೆಕ್ಕದಲ್ಲಿ ಓದುವ ಜಿ95ಕ್ಕೆ ಬದಲಿಸಿ ಎಫ್1.25 ಎಂದು ಬರೆದೆ. ಇನ್ನು ಸ್ಪೀಡ್ ಎಷ್ಟೇ ಇಳಿಸಿದರೂ ಫೀಡ್ ತಾನಾಗಿಯೇ ಹೊಂದಿಕೊಳ್ಳುತ್ತದೆ. ಟ್ಯಾಪಿಂಗ್ ಮುಗಿದೊಡನೆ ಮತ್ತೆ ನಿಮಿಷದ ಲೆಕ್ಕಕ್ಕೆ ಮರಳಿಸುವ ಜಿ94 ಬರೆಯುವುದನ್ನು ಮಾತ್ರ ಮರೆಯಬಾರದು, ಮರೆತರೆ ಮುಂದಿನ ಟೂಲಿನ ಎಫ್200ನ್ನು ಮಷಿನ್ ಸುತ್ತಿಗೆ 200 ಮಿ.ಮೀ. ಎಂದು ಓದುತ್ತದೆ. ಆ ಸಾಲನ್ನು ಅವನ ಕೈಯಿಂದಲೇ ಬರೆಯಿಸಿದೆ.

ಮುರಿದ ತುಂಡಿರುವ ಪ್ಲೇಟು, ವಿದ್ಯುತ್ ಕಿಡಿಯಿಂದ ತುಂಡನ್ನು ಸವೆಸಿ ತೆಗೆಯುವ ಸ್ಪಾರ್ಕ್ ಇರೋಷನ್‌ಗೆ ಹೋಯಿತು. ಎರಡನೆಯ ಪ್ಲೇಟಿನ ಆರೂ ತೂತುಗಳು ಎಸ್400ರಲ್ಲೇ ಆದವು, ಥ್ರೆಡ್ಡಿನ ಅಳತೆ ಪರೀಕ್ಷಿಸುವ ಗೋ ಗೇಜ್ ತಳದವರೆಗೆ ಸರಾಗವಾಗಿ ಇಳಿಯಿತು. ಎಂ6, ಎಂ10 ಪ್ರೋಗ್ರಾಮುಗಳನ್ನು ನಾಳೆ ತಿದ್ದಬೇಕು.