ತಳದಲ್ಲಿ ಗ್ಲಿಸರಿನ್, ಮೇಲೆ ಇಂಧನ

ಇವತ್ತು ಬಯೋಡೀಸೆಲ್‌ನ ಹೊಸ ಬ್ಯಾಚ್ ತಯಾರಾಯಿತು. ಕರಿದು ಉಳಿದ ಎಣ್ಣೆಯನ್ನು ಸೋಸಿ, ನೀರಿನಂಶ ಹೋಗುವಂತೆ ಕಾಯಿಸಿ, ಕಾಸ್ಟಿಕ್ ಸೋಡಾ ಬೆರೆಸಿದ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಹಾಕಿ ಸುಮಾರು 55 ಡಿಗ್ರಿಯಲ್ಲಿ ಕಲಕುತ್ತಿರಬೇಕು. ನೀರು ಉಳಿದಿದ್ದರೆ ಡೀಸೆಲ್ ಬದಲು ಸೋಪು ಸಿಗುತ್ತದೆ! ಜೊತೆಗೆ ಹುಟ್ಟುವ ಕಪ್ಪಗಿನ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಜೇನಿನ ಬಣ್ಣದ ಇಂಧನ ಮೇಲೆ ನಿಲ್ಲುತ್ತದೆ. ನೋಡುತ್ತಾ ಕೂರುವುದೇ ಒಂದು ಖುಷಿ.

(ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಸುಮ್ನೆ ಪ್ರಯೋಗ ಬೇಡ.)

ಪೂರ್ತಿ ಹಸಿರು ಇಂಧನ ಅನ್ನಲು ಮಾತ್ರ ಮನಸ್ಸು ಒಪ್ಪುವುದಿಲ್ಲ. ಈ ಮೆಥನಾಲ್ ಜಾಸ್ತಿ ಬರುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ಅಲ್ವಾ? ಆದರೂ ಕಾಡು ಕಡಿದು ತಾಳೆ ಬೆಳೆಸಿ ಮಾಡುವುದಕ್ಕಿಂತ, ಚರಂಡಿ ಸೇರಬೇಕಿದ್ದ ಎಣ್ಣೆಯಿಂದ ಗಾಡಿ ಓಡಿಸುವುದು ಎಷ್ಟೋ ವಾಸಿ.

ಹಳೆ ಗಾಡಿಗೆ ಮೊದಲ ಸಲ ಹಾಕುವವರು ಒಂದು ಫಿಲ್ಟರ್ ಜಾಸ್ತಿ ಇಟ್ಟುಕೊಳ್ಳಿ. ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಇದು ಕಿತ್ತು ತರುತ್ತದೆ.