ಅಬಿಸ್ 12ಕ್ಕೆ ನಾಲ್ಕು-ಸ್ಟಾರ್ ಟೀಮ್: ಶಿಯಾಂಗ್‌ಲಿಂಗ್‌ಗೆ ಎನರ್ಜಿ ತುಂಬಿಸುವ ಲೆಕ್ಕ

ಗೆನ್ಶಿನ್ ಇಂಪ್ಯಾಕ್ಟ್ ಗೇಮ್‌ನಲ್ಲಿ ಮೂರು ಮೂರು ಐದು-ಸ್ಟಾರ್, ಅಂದರೆ ಅತಿ ಅಪರೂಪದ, ಕ್ಯಾರೆಕ್ಟರ್ ಇಟ್ಟುಕೊಂಡೂ ಸ್ಪೈರಲ್ ಅಬಿಸ್ ಎಂಬ ಸವಾಲಿನ 12ನೇ ಫ್ಲೋರ್ ದಾಟಲಾಗದೆ ಒದ್ದಾಡುವವರು ಬಹಳ ಜನ. ಅವರ ಟೀಮ್ ತೆಗೆದು ನೋಡಿದರೆ ಸಾಮಾನ್ಯವಾಗಿ ಒಂದೇ ಕಾಯಿಲೆ: ಎಲ್ಲರಿಗೂ ಫೀಲ್ಡ್‌ನಲ್ಲಿ ನಿಂತು ತಾವೇ ಹೊಡೆಯಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರು ಹೊಡೆಯುವಷ್ಟು ಹೊತ್ತು ಉಳಿದವರಿಂದ ಏನೂ ಬರುವುದಿಲ್ಲ.

ಸಮಯದ ಲೆಕ್ಕ ಮೊದಲು ಹಾಕೋಣ. 12ನೇ ಫ್ಲೋರ್‌ನ ಒಂದು ಚೇಂಬರ್‌ಗೆ (ಹಂತಕ್ಕೆ) 10 ನಿಮಿಷ, ಅದರ ಎರಡು ಅರ್ಧಗಳಿಗೆ ಎರಡು ಬೇರೆ ಟೀಮ್. ಫಲಿತಾಂಶದಲ್ಲಿ ಮೂರೂ ಸ್ಟಾರ್ ಬೇಕಿದ್ದರೆ ಮುಗಿಸುವಾಗ 420 ಸೆಕೆಂಡ್ ಉಳಿದಿರಬೇಕು. ಅಂದರೆ ಎರಡು ಟೀಮ್‌ಗೂ ಸೇರಿ ಸಿಗುವುದು 3 ನಿಮಿಷ, ಒಂದೊಂದಕ್ಕೆ ಸುಮಾರು 90 ಸೆಕೆಂಡ್. ಮುಖ್ಯ ಬರ್ಸ್ಟ್‌ಗಳ (ಎನರ್ಜಿ ತುಂಬಿದ ಮೇಲೆ ಬಳಸುವ ದೊಡ್ಡ ದಾಳಿಗಳ) ಕೂಲ್‌ಡೌನ್, ಅಂದರೆ ಮತ್ತೆ ಬಳಸಲು ಕಾಯಬೇಕಾದ ಸಮಯ, 20 ಸೆಕೆಂಡ್ ಇರುವುದರಿಂದ ಒಂದು ರೊಟೇಷನ್ (ಎಲ್ಲರ ದಾಳಿಯ ಒಂದು ಸುತ್ತು) ಅಂದರೆ 20 ಸೆಕೆಂಡ್. ನಿಮ್ಮ ಕೈಯಲ್ಲಿರುವುದು ನಾಲ್ಕೂವರೆ ರೊಟೇಷನ್ ಅಷ್ಟೇ. ಒಂದರಲ್ಲಿ ಮುಖ್ಯ ಬರ್ಸ್ಟ್‌ಗೆ ಎನರ್ಜಿ ತುಂಬದೆ ಹೋದರೆ ಕಾಲುಭಾಗದಷ್ಟು ಡ್ಯಾಮೇಜ್ ಕೈಬಿಟ್ಟಂತೆ. ಹಾಗಾಗಿ ಟೀಮ್ ಕಟ್ಟುವಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾರು ಎಷ್ಟು ಸ್ಟಾರ್ ಅಂತಲ್ಲ. 20 ಸೆಕೆಂಡಿಗೊಮ್ಮೆ ಎಲ್ಲರ ಬರ್ಸ್ಟ್ ಸಿದ್ಧವಿರುತ್ತದೆಯೇ ಅಂತ.

ಇದಕ್ಕೆ ಶಿಯಾಂಗ್‌ಲಿಂಗ್, ಬೆನೆಟ್, ಶಿಂಗ್‌ಚಿಯು, ಸುಕ್ರೋಸ್ ಇರುವ ಟೀಮ್‌ಗಿಂತ ಒಳ್ಳೆಯ ಪಾಠ ಇಲ್ಲ. ನಾಲ್ವರೂ ನಾಲ್ಕು-ಸ್ಟಾರ್. ಶಿಯಾಂಗ್‌ಲಿಂಗ್ ಅಬಿಸ್‌ನ 3ನೇ ಫ್ಲೋರ್, 3ನೇ ಚೇಂಬರ್ ಮುಗಿಸಿದರೆ ಉಚಿತವಾಗಿ ಸಿಗುತ್ತಾಳೆ.

ಅವಳ ಬರ್ಸ್ಟ್ ಪೈರೊನೇಡೊ ಸುತ್ತುತ್ತಾ 10 ಸೆಕೆಂಡ್ ಹೊಡೆಯುತ್ತದೆ, 4ನೇ ಕಾನ್‌ಸ್ಟೆಲೇಷನ್ (ಅದೇ ಕ್ಯಾರೆಕ್ಟರ್ ಮತ್ತೆ ಸಿಕ್ಕಾಗ ತೆರೆಯುವ ಹೆಚ್ಚುವರಿ ಬಲ) ಆದಮೇಲೆ 14 ಸೆಕೆಂಡ್. ಬೇರೆ ಹೆಚ್ಚಿನ ದಾಳಿಗಳು ಎರಡೂವರೆ ಸೆಕೆಂಡಿಗೊಮ್ಮೆ ಅಥವಾ ಮೂರು ಹೊಡೆತಕ್ಕೊಮ್ಮೆ ಮಾತ್ರ ಶತ್ರುವಿಗೆ ಎಲಿಮೆಂಟ್ (ಬೆಂಕಿ, ನೀರಿನಂಥ ಶಕ್ತಿ) ಅಂಟಿಸುತ್ತವೆ. ಪೈರೊನೇಡೊಗೆ ಆ ಮಿತಿ ಇಲ್ಲ, ಪ್ರತಿ ಹೊಡೆತವೂ ಪೈರೋ (ಬೆಂಕಿ) ಅಂಟಿಸುತ್ತದೆ. ಶತ್ರುವಿನ ಮೇಲೆ ಹೈಡ್ರೋ (ನೀರು) ಇದ್ದರೆ ಪ್ರತಿ ಹೊಡೆತವೂ ವೇಪರೈಸ್ ಎಂಬ ರಿಯಾಕ್ಷನ್ ಆಗಿ 1.5 ಪಟ್ಟು ಬೀಳುತ್ತದೆ. ಆ ವೇಗಕ್ಕೆ ಸಾಲುವಷ್ಟು ಹೈಡ್ರೋ ಕೊಡುವುದು ಶಿಂಗ್‌ಚಿಯುವಿನ ಬರ್ಸ್ಟ್‌ನ ಮಳೆಗತ್ತಿಗಳು. ಬೆನೆಟ್ ಅಟ್ಯಾಕ್ ಬಫ್ ಕೊಡುತ್ತಾನೆ, ಹೀಲ್ ಮಾಡುತ್ತಾನೆ, ಜೊತೆಗೆ ಎನರ್ಜಿ ತುಂಬುವ ಪೈರೋ ಪಾರ್ಟಿಕಲ್‌ಗಳನ್ನೂ ಒದಗಿಸುತ್ತಾನೆ. ಇಬ್ಬರು ಪೈರೋ ಇರುವುದರಿಂದ ರೆಸೊನೆನ್ಸ್‌ನ ಶೇ. 25 ಅಟ್ಯಾಕ್ ಮೇಲಿಂದ ಬರುತ್ತದೆ. ಸುಕ್ರೋಸ್ ವಿರಿಡೆಸೆಂಟ್ ವೆನೆರರ್ ಆರ್ಟಿಫ್ಯಾಕ್ಟ್ (ತೊಡುವ ಸಲಕರಣೆ) ಸೆಟ್‌ನ ನಾಲ್ಕು ಪೀಸ್ ಹಾಕಿ ಪೈರೋ ಸ್ವರ್ಲ್ ಮಾಡಿದರೆ (ತನ್ನ ಗಾಳಿಯಿಂದ ಪೈರೋ ಹರಡಿದರೆ) ಶತ್ರುವಿನ ಪೈರೋ ರೆಸಿಸ್ಟೆನ್ಸ್ 10 ಸೆಕೆಂಡ್ ಕಾಲ ಶೇ. 40 ಇಳಿಯುತ್ತದೆ.

ಕ್ರಮ ಹೀಗೆ: ಶಿಂಗ್‌ಚಿಯು ಸ್ಕಿಲ್ (ಎನರ್ಜಿ ಬೇಡದ ಚಿಕ್ಕ ದಾಳಿ), ಬರ್ಸ್ಟ್. ಬೆನೆಟ್ ಬರ್ಸ್ಟ್, ಅದರ ಬೆನ್ನಿಗೇ ಸ್ಕಿಲ್. ಸುಕ್ರೋಸ್ ಸ್ಕಿಲ್. ಶಿಯಾಂಗ್‌ಲಿಂಗ್ ಸ್ಕಿಲ್, ಬರ್ಸ್ಟ್. ಆಮೇಲೆ ಸುಕ್ರೋಸ್‌ಗೆ ಮರಳಿ ನಾರ್ಮಲ್ ಅಟ್ಯಾಕ್. ಆ ಅಟ್ಯಾಕ್‌ಗಳೇ ಮಳೆಗತ್ತಿಗಳನ್ನು ಬೀಳಿಸುತ್ತವೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಬೆನೆಟ್ ಆದಮೇಲೆ ಸುಕ್ರೋಸ್ ಬಂದ ತಕ್ಷಣ ಅಭ್ಯಾಸಬಲದಿಂದ ಒಂದು ನಾರ್ಮಲ್ ಹೊಡೆಯುವುದು. ಹೊಡೆದ ಕೂಡಲೇ ಮಳೆಗತ್ತಿ ಬಿದ್ದು ಶತ್ರುವಿನ ಮೇಲಿನ ಪೈರೋ ಅಳಿಸಿಹೋಗುತ್ತದೆ, ಸ್ವರ್ಲ್ ಹೈಡ್ರೋಗೆ ಆಗುತ್ತದೆ, ಆ ಶೇ. 40 ತಪ್ಪಾದ ಎಲಿಮೆಂಟ್‌ಗೆ ಹೋಗುತ್ತದೆ. ಬೆನೆಟ್‌ನ ಬರ್ಸ್ಟ್ ಉಳಿದ ಹೈಡ್ರೋ ತೆಗೆಯಲಿ, ಸ್ಕಿಲ್ ಪೈರೋ ಅಂಟಿಸಲಿ. ಶತ್ರುವಿನ ಹೆಲ್ತ್ ಬಾರ್ ಮೇಲೆ ಪೈರೋ ಗುರುತು ಕಂಡಮೇಲೆ ಸುಕ್ರೋಸ್‌ನ ಸ್ಕಿಲ್ ಒತ್ತಿ.

ಎರಡನೆಯದು ಸ್ನ್ಯಾಪ್‌ಶಾಟ್. ಪೈರೊನೇಡೊ ಒತ್ತಿದ ಕ್ಷಣ ಶಿಯಾಂಗ್‌ಲಿಂಗ್ ಮೇಲೆ ಯಾವ ಬಫ್ ಇದೆಯೋ ಅದೇ ಕೊನೆಯವರೆಗೂ ನಿಲ್ಲುತ್ತದೆ. ಬೆನೆಟ್‌ನ ವೃತ್ತದೊಳಗೆ ನಿಂತು ಒತ್ತಿದರೆ ವೃತ್ತ ಮುಗಿದ ಮೇಲೂ ಆ ಬಲದಲ್ಲೇ ಹೊಡೆಯುತ್ತದೆ. ಒಂದು ಹೆಜ್ಜೆ ಆಚೆ ನಿಂತು ಒತ್ತಿದರೆ ಆಮೇಲೆ ಒಳಗೆ ಓಡಿ ಬಂದರೂ ಪ್ರಯೋಜನವಿಲ್ಲ. ಸುಕ್ರೋಸ್ ಹಂಚುವ ಎಲಿಮೆಂಟಲ್ ಮಾಸ್ಟರಿಗೂ (ರಿಯಾಕ್ಷನ್‌ಗಳ ಬಲ ಹೆಚ್ಚಿಸುವ ಅಂಕಿ) ಇದೇ ನಿಯಮ. ಅದು ಇರುವುದು 8 ಸೆಕೆಂಡ್ ಮಾತ್ರ, ಆದ್ದರಿಂದ ಅವಳ ಸ್ಕಿಲ್ ಆದ ಮೇಲೆ ತಡಮಾಡಬೇಡಿ.

ಈಗ ಎನರ್ಜಿ. ಪೈರೊನೇಡೊಗೆ ಬೇಕಾದದ್ದು 80. ತನ್ನದೇ ಎಲಿಮೆಂಟ್‌ನ ಪಾರ್ಟಿಕಲ್ ಅನ್ನು ಫೀಲ್ಡ್‌ನಲ್ಲಿದ್ದು ಹಿಡಿದರೆ 3 ಎನರ್ಜಿ, ಬೇರೆ ಎಲಿಮೆಂಟ್‌ನದಾದರೆ 1. ನಾಲ್ವರ ಟೀಮ್‌ನಲ್ಲಿ ಹಿಂದೆ ನಿಂತವರಿಗೆ ಅದರ ಶೇ. 60 ಮಾತ್ರ. ಬೆನೆಟ್‌ನ ಸ್ಕಿಲ್ ಒಮ್ಮೆ ಒತ್ತಿದರೆ ಸರಾಸರಿ 2.25 ಪಾರ್ಟಿಕಲ್. ಶಿಯಾಂಗ್‌ಲಿಂಗ್ ಮುಂದೆ ನಿಂತು ಹಿಡಿದರೆ 6.75, ಹಿಂದೆ ಇದ್ದರೆ 4.05. ಅವಳ ಎನರ್ಜಿ ರೀಚಾರ್ಜ್ (ಸಿಗುವ ಎನರ್ಜಿಯನ್ನು ಹೆಚ್ಚಿಸುವ ಅಂಕಿ) ಶೇ. 200 ಇದ್ದರೆ ಇವು 13.5 ಮತ್ತು 8.1 ಆಗುತ್ತವೆ. ರೊಟೇಷನ್‌ಗೆ ಎರಡು ಸಲ ಹೀಗೆ ಹಿಡಿದರೆ ಹೆಚ್ಚುಕಡಿಮೆ 11 ಎನರ್ಜಿ ಉಳಿತಾಯ. ಸುಕ್ರೋಸ್ ಹೊಡೆಯುತ್ತಿರುವಾಗ ನಡುವೆ ಒಮ್ಮೆ, ರೊಟೇಷನ್ ಮುಗಿಯುವಾಗ ಇನ್ನೊಮ್ಮೆ ಬೆನೆಟ್ ಸ್ಕಿಲ್ ಒತ್ತಿ, ಪಾರ್ಟಿಕಲ್ ತೇಲುತ್ತಿರುವಾಗಲೇ ಶಿಯಾಂಗ್‌ಲಿಂಗ್‌ಗೆ ಬದಲಾಯಿಸಿ. ಪೈರೊನೇಡೊ ಇದರಿಂದ ನಿಲ್ಲುವುದಿಲ್ಲ. ಸಾಕಷ್ಟು ಜನ ಇದನ್ನು ಬಿಟ್ಟು ಆರ್ಟಿಫ್ಯಾಕ್ಟ್ ಸರಿಯಿಲ್ಲ ಅಂತ ಕೊರಗುತ್ತಾರೆ.

ಇಷ್ಟೆಲ್ಲ ಮಾಡಿದರೂ ಶಿಯಾಂಗ್‌ಲಿಂಗ್‌ಗೆ ಶೇ. 200ರ ಆಸುಪಾಸು ರೀಚಾರ್ಜ್ ಬೇಕೇಬೇಕು. ಅದಕ್ಕೇ ಅವಳಿಗೆ ಎಂಬ್ಲಮ್ ಆಫ್ ಸೆವರ್ಡ್ ಫೇಟ್ ಸೆಟ್: ಇರುವ ರೀಚಾರ್ಜ್‌ನ ಕಾಲುಭಾಗ ಬರ್ಸ್ಟ್ ಡ್ಯಾಮೇಜ್ ಆಗಿ ಸೇರುತ್ತದೆ, ಶೇ. 200ಕ್ಕೆ ಶೇ. 50. ಆಯುಧ ದಿ ಕ್ಯಾಚ್. ಇನಾಝುಮಾದಲ್ಲಿ ಮೀನು ಹಿಡಿದು ಕೊಟ್ಟರೆ ಸಿಗುತ್ತದೆ, 90ನೇ ಲೆವೆಲ್‌ನಲ್ಲಿ ಶೇ. 45.9 ರೀಚಾರ್ಜ್ ಕೊಡುತ್ತದೆ. ಬೇಕಾದ ಮೀನುಗಳಲ್ಲಿ ಆರು ರೈಮೆ ಏಂಜೆಲ್‌ಫಿಶ್ ರಾತ್ರಿ ಹೊತ್ತು ಮಾತ್ರ ಬರುತ್ತವೆ, ಗೇಮ್‌ನ ಗಡಿಯಾರ ತಿರುಗಿಸಿಕೊಂಡು ಹೋಗಿ. ಎಂಬ್ಲಮ್ ಶಿಂಗ್‌ಚಿಯುವಿಗೂ ಹೊಂದುತ್ತದೆ, ಹಾಗಾಗಿ ಆ ಸೆಟ್ ಸಿಗುವ ಡೊಮೇನ್‌ಗೆ ಹಾಕಿದ ರೆಸಿನ್ (ಬಹುಮಾನ ಪಡೆಯಲು ಖರ್ಚಾಗುವ ವಸ್ತು) ದಂಡವಾಗುವುದಿಲ್ಲ. ಶಿಂಗ್‌ಚಿಯುವಿನ ಕೈಗೆ ಸ್ಯಾಕ್ರಿಫಿಷಿಯಲ್ ಸ್ವೋರ್ಡ್ ಕೊಡಿ. ಸ್ಕಿಲ್ ರೀಸೆಟ್ ಆದರೆ 5 ಪಾರ್ಟಿಕಲ್ ಎರಡು ಸಲ.

ಬೆನೆಟ್‌ಗೆ ಅಟ್ಯಾಕ್ ಆರ್ಟಿಫ್ಯಾಕ್ಟ್ ಹಾಕುವುದು ಶುದ್ಧ ನಷ್ಟ. ಅವನು ಕೊಡುವ ಬಫ್ ಅವನ ಮತ್ತು ಆಯುಧದ ಬೇಸ್ ಅಟ್ಯಾಕ್ ಮೇಲೆ ಮಾತ್ರ ನಿಂತಿದೆ. 90ನೇ ಲೆವೆಲ್‌ನಲ್ಲಿ ಫವೋನಿಯಸ್ ಸ್ವೋರ್ಡ್‌ನ ಬೇಸ್ 454, ಕುಲುಮೆಯಲ್ಲಿ ಮಾಡಿಸಬಹುದಾದ ಸ್ಯಾಪ್‌ವುಡ್ ಬ್ಲೇಡ್‌ನದು 565. ಬರ್ಸ್ಟ್ 8ನೇ ಲೆವೆಲ್, ಮೊದಲ ಕಾನ್‌ಸ್ಟೆಲೇಷನ್ ಇದ್ದರೆ ಈ ಒಂದು ಬದಲಾವಣೆಯಿಂದಲೇ ಸುಮಾರು 120 ಅಟ್ಯಾಕ್ ಹೆಚ್ಚು. ಆರ್ಟಿಫ್ಯಾಕ್ಟ್‌ನಲ್ಲಿ ರೀಚಾರ್ಜ್ ಮತ್ತು ಹೆಲ್ತ್ ನೋಡಿ, ಸೆಟ್ ನೋಬ್ಲೆಸ್ ಆಬ್ಲಿಜ್.

ಪೈರೋಗೆ ಜಗ್ಗದ ಶತ್ರು ಬಂದ ಕಡೆ ಈ ಟೀಮ್ ಹಾಕಬೇಡಿ, ಅದನ್ನು ಇನ್ನೊಂದು ಅರ್ಧಕ್ಕೆ ಇಡಿ. ದೊಡ್ಡ ಬಾಸ್ ಆದರೆ ಮೈಗೆ ಅಂಟಿಕೊಂಡೇ ನಿಲ್ಲಿ, ದೂರ ಸರಿದರೆ ಪೈರೊನೇಡೊ ಗಾಳಿಯಲ್ಲಿ ಸುತ್ತುತ್ತದೆ.

ಇನ್ನೊಂದು ಅರ್ಧಕ್ಕೆ ಅಗ್ಗದಲ್ಲಿ ಆಗುವುದು ಹೈಪರ್‌ಬ್ಲೂಮ್ ಟೀಮ್: ಡೆಂಡ್ರೋ ಟ್ರಾವೆಲರ್, ಕೊಲೇ, ಬಾರ್ಬರಾ, ಕುಕಿ ಶಿನೋಬು. ಹೈಡ್ರೋ ಮತ್ತು ಡೆಂಡ್ರೋ (ಸಸ್ಯ) ಸೇರಿ ಹುಟ್ಟುವ ಕೋರ್‌ಗಳಿಗೆ ಕುಕಿಯ ಎಲೆಕ್ಟ್ರೋ (ವಿದ್ಯುತ್) ತಾಗಿದಾಗ ಆಗುವ ಡ್ಯಾಮೇಜ್‌ಗೆ ಅವಳ ಲೆವೆಲ್ ಮತ್ತು ಎಲಿಮೆಂಟಲ್ ಮಾಸ್ಟರಿಯೇ ಲೆಕ್ಕ, ಕ್ರಿಟ್ ಬೇಡ. ಅವಳೊಬ್ಬಳನ್ನು 90ಕ್ಕೆ ಏರಿಸಿ, ಮೂರೂ ಮುಖ್ಯ ಆರ್ಟಿಫ್ಯಾಕ್ಟ್ ಮಾಸ್ಟರಿಯದೇ ಹಾಕಿ, ಕೈಗೆ ಐರನ್ ಸ್ಟಿಂಗ್ ಕೊಡಿ. ಡೆಂಡ್ರೋ ಕಡಿಮೆ ಬಿದ್ದರೆ ಹೈಡ್ರೋ, ಎಲೆಕ್ಟ್ರೋ ನೇರವಾಗಿ ಸೇರಿ ಎಲೆಕ್ಟ್ರೋ-ಚಾರ್ಜ್ಡ್ ಆಗಿಬಿಡುತ್ತದೆ, ಕೋರ್ ಹುಟ್ಟುವುದೇ ಇಲ್ಲ. ಕೋರ್ ಕಾಣದಿದ್ದರೆ ಟ್ರಾವೆಲರ್ ಮತ್ತು ಕೊಲೇ ಇಬ್ಬರ ರೀಚಾರ್ಜ್ ಮೊದಲು ನೋಡಿ.